ಬೀದರ್‌ನಿಂದ ಹುಸೇನ್ ಸಾಗರಕ್ಕೆ: ಎಲೆಕ್ಟ್ರಿಕ್ ರೇಸ್ ನಡೆದ ಬೀದಿಗೆ ಎಲೆಕ್ಟ್ರಿಕ್ ಕಾರಿನಲ್ಲೇ ಹೋಗಿಬರುವುದು

2023ರ ಫೆಬ್ರವರಿ 11ರಂದು ಹೈದರಾಬಾದ್‌ನ ಹುಸೇನ್ ಸಾಗರದ ದಂಡೆಯಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ನಡೆಯಿತು. ಭಾರತದಲ್ಲಿ ನಡೆದ ಮೊದಲ ಫಾರ್ಮುಲಾ ಇ ಅದು. 2024ರ ಫೆಬ್ರವರಿಗೆ ಗೊತ್ತಾಗಿದ್ದ ಎರಡನೇ ರೇಸ್ ರದ್ದಾಯಿತು. ಆದರೂ ಆ ಸರ್ಕ್ಯೂಟ್ ಎಲ್ಲೂ ಹೋಗಿಲ್ಲ. ಬೀದಿ ಸರ್ಕ್ಯೂಟ್ ಎಂದರೆ ದಿನವೂ ಬಸ್ಸು, ಆಟೊ ಓಡಾಡುವ ರಸ್ತೆಯೇ. ರೇಸ್ ಸಮಯಕ್ಕೆ ಕಾಂಕ್ರೀಟ್ ತಡೆಗೋಡೆ, ಜಾಲರಿ ಬೇಲಿ ನಿಲ್ಲಿಸುತ್ತಾರೆ, ಮುಗಿದ ಮೇಲೆ ಎತ್ತುತ್ತಾರೆ. ಸುಮಾರು 2.83 ಕಿ.ಮೀ. ಉದ್ದದ, 18 ತಿರುವುಗಳ ಆ ಸುತ್ತಿನ ರಸ್ತೆಗಳನ್ನು ಇಂದು ಟಿಕೆಟ್ ಇಲ್ಲದೆ ನಡೆದು ನೋಡಬಹುದು.

ಬೀದರ್‌ನಿಂದ ಅಲ್ಲಿಗೆ ಹತ್ತಿರಹತ್ತಿರ 145 ಕಿ.ಮೀ. ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಇದ್ದವರಿಗೆ ಹೇಳಿ ಮಾಡಿಸಿದ ದೂರ. ಆ ರೇಸ್ ಗೆಲ್ಲುವ ವಿದ್ಯೆಯೂ ಚಾರ್ಜ್ ಖಾಲಿಯಾಗದೆ ಊರು ಮುಟ್ಟುವ ವಿದ್ಯೆಯೂ ಒಂದೇ: ಯೂನಿಟ್ (ಕಿಲೋವಾಟ್-ಅವರ್) ಉಳಿಸುವುದು. ಅಂದು ಓಡಿದ ಮೂರನೇ ತಲೆಮಾರಿನ ರೇಸ್ ಕಾರಿಗೆ ಬಳಕೆಗೆ ಸಿಗುವುದು 38.5 ಯೂನಿಟ್ ಮಾತ್ರ. ನಮ್ಮ ರಸ್ತೆಗಳಲ್ಲಿ ಓಡುವ ಕೆಲವು ಕುಟುಂಬದ ಕಾರುಗಳ ಬ್ಯಾಟರಿ ಅದಕ್ಕಿಂತ ದೊಡ್ಡದು!

ಮೊದಲು ಲೆಕ್ಕ ಹಾಕಿಕೊಳ್ಳಿ. ಸಣ್ಣ ಎಸ್‌ಯುವಿ ಹೆದ್ದಾರಿಯಲ್ಲಿ 80ರ ವೇಗದಲ್ಲಿ 100 ಕಿ.ಮೀ.ಗೆ 13–14 ಯೂನಿಟ್ ತಿನ್ನುತ್ತದೆ, 100ರಲ್ಲಿ 17ರ ಆಸುಪಾಸು. ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದರಿಂದ ಈ ವ್ಯತ್ಯಾಸ. 30 ಯೂನಿಟ್ ಬ್ಯಾಟರಿಯವರು 80–85ರಲ್ಲಿ ಹೋದರೆ 20–21 ಯೂನಿಟ್‌ನಲ್ಲಿ ಹೈದರಾಬಾದ್ ಮುಟ್ಟುತ್ತಾರೆ. ಬರುವಾಗ ಅಲ್ಲೇ ಚಾರ್ಜ್ ಮಾಡಬೇಕು. 24 ಯೂನಿಟ್‌ನ ಸಣ್ಣ ಕಾರಿನವರು ಹೋಗುವಾಗಲೇ ಝಹೀರಾಬಾದ್‌ನಲ್ಲೋ ಸಂಗಾರೆಡ್ಡಿಯಲ್ಲೋ 15–20 ನಿಮಿಷ ಚಾರ್ಜಿಂಗ್ ಗನ್ ಹಾಕಿಕೊಂಡರೆ ಎದೆ ಹಗುರ. ಬೀದರ್ ಎತ್ತರದಲ್ಲಿದೆ, ಹೋಗುವಾಗ ಇಳಿಜಾರು, ಬರುವಾಗ ಏರು ಎಂದು ಹಲವರು ಅಂಜುತ್ತಾರೆ. ಎತ್ತರದ ವ್ಯತ್ಯಾಸ ನೂರೈವತ್ತು ಮೀಟರ್ ಆಸುಪಾಸು, ಅಷ್ಟೇ. ಒಂದೂವರೆ ಟನ್ ಕಾರಿಗೆ ಅದು ಅರ್ಧ–ಮುಕ್ಕಾಲು ಯೂನಿಟ್‌ನ ಮಾತು. ನಿಜವಾಗಿ ತಿನ್ನುವುದು ವೇಗ, ಎದುರುಗಾಳಿ ಮತ್ತು ಏಪ್ರಿಲ್–ಮೇ ತಿಂಗಳಲ್ಲಿ ತಾಸಿಗೆ ಒಂದೂವರೆ ಯೂನಿಟ್‌ವರೆಗೆ ಎಳೆಯುವ ಎಸಿ.

ಹಿಂದಿನ ರಾತ್ರಿಯೇ ಮನೆಯಲ್ಲಿ ಬ್ಯಾಟರಿ ಶೇ 100 ಮಾಡಿಕೊಳ್ಳಿ. 15 ಆಂಪಿಯರ್ ಸಾಕೆಟ್‌ನಲ್ಲಿ ತಾಸಿಗೆ ಎರಡೂವರೆಯಿಂದ ಮೂರು ಯೂನಿಟ್ ತುಂಬುತ್ತದೆ. ಅಂದರೆ 30 ಯೂನಿಟ್‌ಗೆ ಹತ್ತು–ಹನ್ನೆರಡು ತಾಸು, ಸಂಜೆ ಆರಕ್ಕೇ ಹಚ್ಚಬೇಕು. ಇಲ್ಲಿ ಹೆಚ್ಚಾಗಿ ಕೈಕೊಡುವುದು ಕರೆಂಟ್ ಅಲ್ಲ, ಅರ್ಥಿಂಗ್. ಬೀದರ್‌ನ ಕೆಂಪು ಮುರುಮಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥ್ ರಾಡ್‌ಗೆ ಹಿಡಿತ ಸಿಗುವುದಿಲ್ಲ. ಚಾರ್ಜರ್ ಪೆಟ್ಟಿಗೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ, ಬೆಳಗ್ಗೆ ನೋಡಿದರೆ ಮೀಟರ್ ರಾತ್ರಿಯಷ್ಟೇ ಇರುತ್ತದೆ. ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟ್ ಅಳೆಸಿ. ಎರಡು–ಮೂರು ವೋಲ್ಟ್ ದಾಟಿದ್ದರೆ ಗುಂಡಿಗೆ ಇದ್ದಲು, ಉಪ್ಪು, ನೀರು ಹಾಕಿಸಿ, ಮತ್ತೆ ಅಳೆಸಿ. ಅರ್ಥ್ ಪಿನ್ ತಪ್ಪಿಸಿ ಜೋಡಿಸುವ ಉಪಾಯ ಯಾರು ಹೇಳಿದರೂ ಒಪ್ಪಬೇಡಿ, ಅದು ಜೀವಕ್ಕೆ ಅಪಾಯ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲಿನ ಚೀಟಿಯಲ್ಲಿ ಬರೆದಷ್ಟು ತುಂಬಿ.

ಬೆಳಗಿನ ಐದೂವರೆಗೆ ಬೀದರ್ ಬಿಟ್ಟರೆ ಒಳ್ಳೆಯದು. ಝಹೀರಾಬಾದ್‌ವರೆಗೆ ಸುಮಾರು 30 ಕಿ.ಮೀ., ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 65. ಕಲಬುರಗಿಯವರಿಗೆ ಒಟ್ಟು 220 ಕಿ.ಮೀ. ಆಗುತ್ತದೆ, ಹುಮನಾಬಾದ್‌ನಲ್ಲಿ ಇದೇ ಹೆದ್ದಾರಿ ಸಿಗುತ್ತದೆ. 30 ಯೂನಿಟ್ ಕಾರಿಗೆ ದಾರಿಯಲ್ಲೊಂದು ಚಾರ್ಜ್ ಖಾಯಂ. ಕಾರಿನ ಗೊಡವೆ ಬೇಡ ಎನ್ನುವ ಕಲಬುರಗಿಯವರಿಗೆ ಮುಂಬೈ–ಹೈದರಾಬಾದ್ ರೈಲು ಇದೆ, ಅದರ ಹೆಸರೇ ಹುಸೇನ್ ಸಾಗರ್ ಎಕ್ಸ್‌ಪ್ರೆಸ್. ಯಾದಗಿರಿಯವರಿಗೂ ರೈಲೇ ಸುಲಭ.

ಝಹೀರಾಬಾದ್ ದಾಟಿ ಸದಾಶಿವಪೇಟೆಗೆ ಮುಂಚೆ ಕಾಮ್ಕೋಲ್ ಟೋಲ್ ಬರುತ್ತದೆ. ಹಸಿರು ನಂಬರ್ ಪ್ಲೇಟ್ ಇದ್ದರೂ ಫಾಸ್ಟ್ಯಾಗ್‌ನಲ್ಲಿ ದುಡ್ಡು ಇರಲಿ. ರೇಸಿನ ವಿದ್ಯೆ ಕಲಿಯಲು ಈ ಟೋಲ್ ಒಳ್ಳೆಯ ಜಾಗ. ಜನ ತುಂಬಿದ 1,700 ಕಿಲೋ ಕಾರು 90ರ ವೇಗದಲ್ಲಿದ್ದರೆ ಅದರ ಓಟದಲ್ಲಿ 0.15 ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ಗೇಟಿನ ಹತ್ತಿರ ಬಂದು ಗಕ್ಕನೆ ಬ್ರೇಕ್ ತುಳಿದರೆ ಅದರಲ್ಲಿ ಬಹಳಷ್ಟು ಪ್ಯಾಡ್‌ನ ಬಿಸಿಯಾಗಿ ಹೋಗುತ್ತದೆ. 300–400 ಮೀಟರ್ ಮುಂಚೆಯೇ ಕಾಲು ತೆಗೆದು ರೀಜನ್ (ಓಟದ ಶಕ್ತಿಯನ್ನು ಮೋಟಾರ್ ಮೂಲಕ ಬ್ಯಾಟರಿಗೆ ಮರಳಿಸುವ ವ್ಯವಸ್ಥೆ) ಹೆಚ್ಚಿಸಿ ನೋಡಿ: ಮೀಟರ್‌ನ ಮುಳ್ಳು ಹಸಿರು ಕಡೆಗೆ ವಾಲುತ್ತದೆ, ಕಾರು ತಾನೇ ಮೆತ್ತಗಾಗುತ್ತದೆ, ಬ್ಯಾಟರಿಗೆ ಒಂದಿಷ್ಟು ವಾಪಸ್ ಬರುತ್ತದೆ. ಬ್ಯಾಟರಿ 100ರಲ್ಲಿರುವಾಗ ಮಾತ್ರ ರೀಜನ್ ಸರಿಯಾಗಿ ಹಿಡಿಯುವುದಿಲ್ಲ, ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಹಾಗಾಗಿ ಮೊದಲ 15–20 ಕಿ.ಮೀ. ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ.

ರೇಸ್ ಕಾರಿನಲ್ಲಿ ಇದೇ ಕೆಲಸ ರಾಕ್ಷಸ ಗಾತ್ರದಲ್ಲಿ ನಡೆಯುತ್ತದೆ. ಅದರ ಹಿಂದಿನ ಗಾಲಿಗಳಿಗೆ ಮಾಮೂಲಿ ಬ್ರೇಕ್ ಇಲ್ಲವೇ ಇಲ್ಲ, ಮೋಟಾರೇ ಹಿಡಿದು ನಿಲ್ಲಿಸುತ್ತದೆ. ಮುಂದಿನ ಮೋಟಾರ್ 250, ಹಿಂದಿನದು 350, ಒಟ್ಟು 600 ಕಿಲೋವಾಟ್‌ವರೆಗೆ ವಾಪಸ್ ಎಳೆಯಬಲ್ಲವು. ಚಾಲಕನೂ ಸೇರಿ 840 ಕಿಲೋ ತೂಗುವ ಕಾರು 200ರಿಂದ 60ಕ್ಕೆ ಇಳಿದಾಗ ಯೂನಿಟ್‌ನ ಮೂರನೇ ಒಂದು ಭಾಗ ಆ ಒಂದೇ ತಿರುವಿನಲ್ಲಿ ಕೈಗೆಟುಕುತ್ತದೆ. ಬೀದಿ ಸರ್ಕ್ಯೂಟ್‌ನಲ್ಲಿ ತಿರುವು ಹೆಚ್ಚಿದಷ್ಟೂ ಗಳಿಕೆ ಹೆಚ್ಚು. ಫಾರ್ಮುಲಾ ಇ ನಗರದ ಬೀದಿಗಳನ್ನು ಹುಡುಕಿಕೊಂಡು ಹೋಗಲು ಇದೂ ಒಂದು ಕಾರಣ.

ಪಟಾನ್‌ಚೆರು ಬೆಳಗಿನ ಎಂಟರೊಳಗೆ ದಾಟಿ. ತಡವಾದರೆ ಲಾರಿಗಳ ಸಾಲು, ಆಮೇಲೆ ಕುಕಟ್‌ಪಲ್ಲಿಯ ಗದ್ದಲ. ಎಲೆಕ್ಟ್ರಿಕ್ ಕಾರಿಗೆ ನಿಂತ ಟ್ರಾಫಿಕ್‌ನಲ್ಲಿ ನಷ್ಟ ಕಡಿಮೆಯೇ, ಕಾಲುನೋವು ಮಾತ್ರ ಜಾಸ್ತಿ. ಉತ್ತಮ ದಾರಿ ಎಂದರೆ ಮಿಯಾಪುರ ಮೆಟ್ರೊ ಹತ್ತಿರ ಕಾರು ನಿಲ್ಲಿಸಿ, ಕೆಂಪು ಲೈನ್‌ನಲ್ಲಿ ಎಲ್ಲೂ ಬದಲಿಸದೆ ಖೈರತಾಬಾದ್‌ಗೆ ಹೋಗುವುದು. ಅಲ್ಲಿಂದ ಐಮ್ಯಾಕ್ಸ್ ಚಿತ್ರಮಂದಿರಕ್ಕೆ ಆಟೊ. ಭಾನುವಾರ ಬೆಳಗ್ಗೆಯಾದರೆ ಕಾರನ್ನೇ ಒಳಗೆ ಒಯ್ಯಬಹುದು.

ಸರ್ಕ್ಯೂಟ್ ಎನ್‌ಟಿಆರ್ ಗಾರ್ಡನ್ ಸುತ್ತಮುತ್ತಲ ರಸ್ತೆಗಳದ್ದು: ಎನ್‌ಟಿಆರ್ ಮಾರ್ಗ, ಲುಂಬಿನಿ ಪಾರ್ಕ್ ಕಡೆ, ಸಚಿವಾಲಯದ ಬದಿ, ಮಿಂಟ್ ಕಾಂಪೌಂಡ್, ಐಮ್ಯಾಕ್ಸ್. ಡಿವೈಡರ್ ಮತ್ತು ಒನ್‌ವೇ ಇರುವುದರಿಂದ ರೇಸಿನ ಇಡೀ ಸುತ್ತನ್ನು ಕಾರಿನಲ್ಲಿ ಹಾಕಲಾಗದು. ನಡೆಯಿರಿ, ಮುಕ್ಕಾಲು ತಾಸು–ಒಂದು ತಾಸು ಸಾಕು. ನಡೆಯುವಾಗ ನೆಲ ನೋಡಿ. ರಸ್ತೆ ನಡುವೆ ಎತ್ತರವಾಗಿದ್ದು ಎರಡು ಬದಿಗೂ ಇಳಿದಿರುತ್ತದೆ, ಮಳೆನೀರು ಹರಿಯಲಿ ಎಂದು. ಅಲ್ಲಲ್ಲಿ ಡಾಂಬರಿನ ಬಣ್ಣ ಬದಲಾಗುತ್ತದೆ, ಚರಂಡಿ ಮುಚ್ಚಳ, ಉಜ್ಜಿ ನುಣುಪಾದ ಬಿಳಿ ಪಟ್ಟಿ. ನಿತ್ಯದ ಓಡಾಟಕ್ಕೆ ಇವು ಲೆಕ್ಕಕ್ಕಿಲ್ಲ. ರೇಸ್ ಕಾರಿನ ಹಿಡಿತ ಮಾತ್ರ ಇವುಗಳ ಮೇಲೆಯೇ ಜಾರುವುದು, ಬದಿಯಲ್ಲೇ ಗೋಡೆ ಇರುವುದರಿಂದ ತಪ್ಪಿಗೆ ಕ್ಷಮೆಯಿಲ್ಲ. ಅಂದು ಮೊದಲ ಸ್ಥಾನದಿಂದ ಹೊರಟಿದ್ದ ಮಿಚ್ ಇವಾನ್ಸ್‌ಗೆ ಹೇರ್‌ಪಿನ್ ತಿರುವಿನಲ್ಲಿ ಡಿಕ್ಕಿ ಹೊಡೆದದ್ದು ತನ್ನದೇ ಜಾಗ್ವಾರ್ ತಂಡದ ಸ್ಯಾಮ್ ಬರ್ಡ್. ಗೆದ್ದವನು ಜಾನ್ ಎರಿಕ್ ವರ್ನ್, ಕೊನೆಯ ಸುತ್ತುಗಳಲ್ಲಿ ಬ್ಯಾಟರಿ ಕಾಯ್ದುಕೊಳ್ಳುತ್ತಲೇ ಬೆನ್ನಿಗಿದ್ದ ನಿಕ್ ಕ್ಯಾಸಿಡಿಯನ್ನು ತಡೆದು.

ಖಾಲಿ ರಸ್ತೆ ಕಂಡಿತೆಂದು ಆಕ್ಸಿಲರೇಟರ್ ಒತ್ತಬೇಡಿ, ಚಲನ್ ಬೀದರ್‌ವರೆಗೂ ಬರುತ್ತದೆ. ಗಣೇಶ ವಿಸರ್ಜನೆಯ ದಿನಗಳಲ್ಲಿ ಈ ಕಡೆ ಹಾಯಲೇಬೇಡಿ. ಎನ್‌ಟಿಆರ್ ಮಾರ್ಗದುದ್ದಕ್ಕೂ ಕ್ರೇನ್ ನಿಂತಿರುತ್ತವೆ, ರಸ್ತೆ ಬಂದ್. ಹತ್ತಿರದಲ್ಲೇ 125 ಅಡಿಯ ಅಂಬೇಡ್ಕರ್ ಪ್ರತಿಮೆ ಇದೆ, ರೇಸ್ ನಡೆದ ಎರಡು ತಿಂಗಳಿಗೆ, 2023ರ ಏಪ್ರಿಲ್ 14ರಂದು ಅನಾವರಣಗೊಂಡಿದ್ದು. ಅದನ್ನು ನೋಡದೆ ಬರಬೇಡಿ. ಕೆರೆ ನಡುವಿನ ಬುದ್ಧನಿಗೆ ಲುಂಬಿನಿ ಪಾರ್ಕ್‌ನಿಂದ ದೋಣಿ.

ಊಟ ಎಲ್ಲಿ ಎಂಬುದಕ್ಕಿಂತ ಚಾರ್ಜ್ ಎಲ್ಲಿ ಎಂಬುದನ್ನು ಮೊದಲು ಗಟ್ಟಿ ಮಾಡಿ. ಕನಿಷ್ಠ ಎರಡು ಕಂಪನಿಗಳ ಆ್ಯಪ್‌ನಲ್ಲಿ ಮನೆಯಲ್ಲೇ ಖಾತೆ ತೆರೆದು 500 ರೂಪಾಯಿಯಂತೆ ಹಾಕಿಟ್ಟುಕೊಳ್ಳಿ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಒಟಿಪಿ ಬರುವುದಿಲ್ಲ. ದರ ಸಾಮಾನ್ಯವಾಗಿ ಯೂನಿಟ್‌ಗೆ 18ರಿಂದ 25 ರೂಪಾಯಿ. 60 ಕಿಲೋವಾಟ್ ಎಂದು ಬರೆದ ಯಂತ್ರಕ್ಕೆ ಎರಡು ಗನ್ ಇದ್ದು ಪಕ್ಕದಲ್ಲೂ ಕಾರು ಇದ್ದರೆ ನಿಮಗೆ ಸಿಗುವುದು 30. ಗನ್ ಹಾಕಿದ ಮೇಲೆ ಎರರ್ ಬಂದರೆ ಹೆಚ್ಚಿನ ಸಲ ಕಾರಣ ಕೇಬಲ್‌ನ ಭಾರ, ಅದು ಗನ್ನನ್ನು ಕೆಳಗೆ ಜಗ್ಗಿ ಪಿನ್ ಪೂರ್ತಿ ಕೂರುವುದಿಲ್ಲ. ತೆಗೆದು ಮತ್ತೆ ಹಾಕಿ, ಅಂಗೈಯಿಂದ ಗನ್ ಕೆಳಗೆ ಆಸರೆ ಕೊಟ್ಟು ಒತ್ತಿ ಹಿಡಿಯಿರಿ. ಟಕ್ ಎಂದು ಲಾಕ್ ಬಿದ್ದು, ಕಾರಿನೊಳಗೆ ಫ್ಯಾನ್ ಶಬ್ದ ಶುರುವಾದ ಮೇಲೆ ಕೈ ಬಿಡಿ. ಬ್ಯಾಟರಿ ಶೇ 80 ದಾಟಿದ ಮೇಲೆ ಕಾಯುವುದು ವ್ಯರ್ಥ, ಚಾರ್ಜ್ ಆಗುವ ವೇಗ ಕುಸಿಯುತ್ತದೆ. ಮತ್ತೆ ಬೇಕೆನಿಸಿದರೆ ಸಂಗಾರೆಡ್ಡಿಯಲ್ಲಿ ಹತ್ತು ನಿಮಿಷ ಹಾಕಿಕೊಳ್ಳಿ.

ವಾಪಸ್ ಬರುವಾಗ ಐದರಿಂದ ಆರೂವರೆವರೆಗೆ ಮುಳುಗುವ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಮೂರಕ್ಕೇ ಹೊರಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಝಹೀರಾಬಾದ್–ಬೀದರ್ ನಡುವೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು, ಕತ್ತಲಾದ ಮೇಲೆ 50 ದಾಟಬೇಡಿ. ಮನೆ ಮುಟ್ಟಿದ ಕೂಡಲೇ ಪ್ಲಗ್ ಹಚ್ಚಬೇಡಿ. ಬೇಸಿಗೆಯಾದರೆ ಒಂದು ತಾಸು ನೆರಳಲ್ಲಿ ಆರಲು ಬಿಟ್ಟು ಆಮೇಲೆ ಹಚ್ಚಿ.