ಮಾತ್ರೆ ಡಬ್ಬಿಯ ಮೇಲಿನ ಹಸಿರೆಲೆ

ಇಲ್ಲಿ ಕೀನ್ಯಾದ ಕಿಸುಮುವಿನಲ್ಲಿ ಕೆಲವು ಮಲೇರಿಯಾ ಮಾತ್ರೆಗಳ ಡಬ್ಬಿಯ ಮೇಲೆ ಹಸಿರೆಲೆಯ ಗುರುತು ಇರುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಅದನ್ನು ತೋರಿಸಿ, "ಔಷಧ ಎಲೆಯಲ್ಲೇ ಇದೆ ಅಂದ್ಮೇಲೆ ಎಲೆಯನ್ನೇ ಕುದಿಸಿ ಕುಡಿದ್ರೆ ಆಗಲ್ವಾ?" ಎಂದಳು. ಊರಿನ ಹಿರಿಯರೂ ಕೇಳುವ ಪ್ರಶ್ನೆ ಇದು. ಉತ್ತರ ಇರುವುದು ಲೆಕ್ಕದಲ್ಲಿ.

ಈ ಔಷಧದ ಮೂಲ ಆರ್ಟಿಮೀಸಿಯಾ ಆನ್ಯುವಾ ಎಂಬ ಗಿಡ. ಅದರ ಒಳ್ಳೆಯ ಒಣ ಎಲೆಯಲ್ಲಿ ಮಲೇರಿಯಾ ಕೊಲ್ಲುವ ಆರ್ಟಿಮಿಸಿನಿನ್ ಶೇಕಡಾ 1ರ ಆಸುಪಾಸು. ಲೀಟರ್ ನೀರಿಗೆ 5 ಗ್ರಾಂ ಎಲೆ ಹಾಕಿದರೆ, ಇದ್ದದ್ದೆಲ್ಲ ಇಳಿದರೂ 50 ಮಿಲಿಗ್ರಾಂ. ಅಷ್ಟೂ ಇಳಿಯುವುದಿಲ್ಲ, ಅದು ನೀರಿಗೆ ಸರಿಯಾಗಿ ಕರಗುವುದೇ ಇಲ್ಲ. ದೊಡ್ಡವರ ಮಾತ್ರೆಗಳಲ್ಲಿ ಆರ್ಟಿಮಿಸಿನಿನ್‌ನಿಂದಲೇ ತಯಾರಾದ ಆರ್ಟಿಮೆಥರ್ ದಿನಕ್ಕೆ 160 ಮಿಲಿಗ್ರಾಂ ಸಿಗುತ್ತದೆ.

ಆರ್ಟಿಮಿಸಿನಿನ್ ಕಂಡುಹಿಡಿದ ಚೀನಾದ ವಿಜ್ಞಾನಿ ತು ಯೂಯೂ ಅವರ ತಂಡಕ್ಕೂ ಮೊದಮೊದಲು ಪ್ರಯೋಗದಲ್ಲಿ ಒಂದೇ ತೆರನಾದ ಫಲ ಸಿಗುತ್ತಿರಲಿಲ್ಲ. ನಾಲ್ಕನೇ ಶತಮಾನದ ಚೀನೀ ವೈದ್ಯ ಗೆ ಹಾಂಗ್, ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಷ್ಟೇ ಬರೆದಿದ್ದ, ಕುದಿಸಿ ಎಂದಿರಲಿಲ್ಲ. ಬಿಸಿಯೇ ಔಷಧವನ್ನು ಕೆಡಿಸುತ್ತಿರಬಹುದೆಂದು ತು ಅವರಿಗೆ ಹೊಳೆಯಿತು. 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರವದಲ್ಲಿ ಸಾರ ತೆಗೆದು, ಆಮ್ಲೀಯ ಭಾಗ ಬೇರ್ಪಡಿಸಿದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ಹಳೆಯ ಗ್ರಂಥವನ್ನು ಇಷ್ಟು ಗೌರವದಿಂದ ಓದಿದವರು ಕಡಿಮೆ: ನಂಬಿದರು, ಅಳೆದೂ ನೋಡಿದರು.

ಶುದ್ಧ ಔಷಧವೂ ಒಂಟಿಯಾಗಿ ಸಾಲದು. ಕೆಲವೇ ಗಂಟೆಗಳಲ್ಲಿ ಅದು ರಕ್ತದಿಂದ ಖಾಲಿಯಾಗುತ್ತದೆ. ಉಳಿದ ಪರಾವಲಂಬಿಗಳನ್ನು ಮುಗಿಸಲು ದಿನಗಟ್ಟಲೆ ನಿಲ್ಲುವ ಲುಮೆಫ್ಯಾಂಟ್ರಿನ್ ಎಂಬ ಇನ್ನೊಂದು ಔಷಧ ಜೊತೆಗಿರಬೇಕು. ಅದು ಹೀರಿಕೆಯಾಗಲು ಹಾಲು ಅಥವಾ ಜಿಡ್ಡಿನ ಊಟ ಬೇಕು. ಎರಡೂ ಇರುವ ಮಾತ್ರೆ ದೊಡ್ಡವರಿಗೆ ಸಲಕ್ಕೆ ನಾಲ್ಕು, ದಿನಕ್ಕೆ ಎರಡು ಸಲ, ಮೂರು ದಿನ: ಒಟ್ಟು 24. ಎರಡನೇ ದಿನ ಜ್ವರ ಇಳಿಯಿತೆಂದು ಬಿಡುವವರಿಗೆ ಕಾಯಿಲೆ ಮರುಕಳಿಸಬಹುದು. ರುವಾಂಡಾ, ಉಗಾಂಡಾಗಳಲ್ಲಿ ಆರ್ಟಿಮಿಸಿನಿನ್‌ಗೆ ಬೇಗ ಬಗ್ಗದ ಪರಾವಲಂಬಿ ತಳಿಗಳು ಈಗಾಗಲೇ ಕಂಡಿವೆ. ಎಲೆಯ ಚಹಾದ ಅರೆಬರೆ ಪ್ರಮಾಣ ಇಂಥ ತಳಿಗಳಿಗೆ ದಾರಿ ಮಾಡಿಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೆಂಬಲಿಸದಿರುವುದಕ್ಕೆ ಇದೂ ಒಂದು ಕಾರಣ.

ತುಳುನಾಡಿನ ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ನೆನಪಾಗುತ್ತದೆ. ನಸುಕಿನಲ್ಲಿ ಕಲ್ಲಿನಿಂದ ಕೆತ್ತಿದ ತೊಗಟೆ, ಕಾಳುಮೆಣಸು, ಬೆಳ್ಳುಳ್ಳಿ, ಕಾದ ಬೆಣಚುಕಲ್ಲಿನ ಒಗ್ಗರಣೆ, ಮೇಲೊಂದಿಷ್ಟು ಮೆಂತೆ ಗಂಜಿ. ಆ ಆಚರಣೆ ನನಗೆ ಪ್ರೀತಿಯದು. ಆದರೆ ಅದು ಮಲೇರಿಯಾಕ್ಕೆ ಮದ್ದೆಂಬ ಪ್ರಚಾರ ನೋವು ತರುತ್ತದೆ. ಹಾಲೆಯಿಂದ ಇದುವರೆಗೆ ಅಂಥ ಔಷಧ ಬಂದಿಲ್ಲ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಅದು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಮೇಲೂ ಏಳುತ್ತದೆ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ವೈವ್ಯಾಕ್ಸ್ ಎಂದಾದರೆ ಕ್ಲೋರೋಕ್ವಿನ್ ಜೊತೆ ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲಲು ವೈದ್ಯರು ಬರೆದ 14 ದಿನದ ಪ್ರಿಮಾಕ್ವಿನ್ ಪೂರ್ತಿ ಮುಗಿಸಿ. ಗರ್ಭಿಣಿಯರು ಮತ್ತು ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಪ್ರಿಮಾಕ್ವಿನ್ ಶುರು ಮಾಡುವ ಮೊದಲೇ ವೈದ್ಯರಿಗೆ ಅದನ್ನು ಹೇಳಬೇಕು.