ಹೋಂಸ್ಟೇ ದಿನಚರಿ: ಬಚ್ಚಲೊಲೆ ಬದಲಾಯಿಸಿದೆವು

ನವೆಂಬರ್ 9

ಕುದುರೆಮುಖ ಹತ್ತಿ ಇಳಿದ ಹನ್ನೊಂದು ಜನ ನಿನ್ನೆ ನಮ್ಮಲ್ಲಿ ಉಳಿದಿದ್ದರು. ಉಂಬಳ (ಜಿಗಣೆ) ಕಚ್ಚಿದ ಕಾಲು ತೊಳೆಯುತ್ತಲೇ ಎಲ್ಲರೂ ಕೇಳುವುದು ಒಂದೇ: ಬಿಸಿನೀರು ಇದೆಯಾ? ಇದೆ. ಅದಕ್ಕೆ ಎಷ್ಟು ಸೌದೆ ಹೋಗುತ್ತದೆಂದು ಮಾತ್ರ ನಾವು ಈ ತನಕ ನೋಡಿರಲಿಲ್ಲ. ಕಾಫಿ ತೂಗುವ ತಕ್ಕಡಿಯನ್ನು ಬಚ್ಚಲ ಬಾಗಿಲಿಗೆ ತಂದು, ಒಲೆಗೆ ಹೋಗುವ ಪ್ರತಿ ಹೊರೆಯನ್ನೂ ತೂಗಿದೆ. ಒಂದು ಸಂಜೆಗೆ 46 ಕಿಲೊ. "ಇದು ನಮಗೆ ಒಂದು ವಾರದ ಸೌದೆಯಲ್ಲವೇನೋ" ಎಂದರು ಅಮ್ಮ.

ರಾತ್ರಿ ನಿದ್ದೆ ಬರಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಗಣಿಯ ಸಂಬಳ ಹೋದ ಮೇಲೆ ಈ ಕಡೆಯ ಎಷ್ಟೋ ಮನೆಗಳನ್ನು ಜೀಪು, ಗೈಡ್ ಕೆಲಸ, ಹೋಂಸ್ಟೇಗಳು ಹಿಡಿದು ನಿಲ್ಲಿಸಿವೆ. ಜನ ಬರುವುದು ಹುಲ್ಲುಗುಡ್ಡಗಳ ನಡುವಿನ ಕಣಿವೆಯಲ್ಲಿ ಬೆಳೆಯುವ ಶೋಲೆ ಕಾಡು ನೋಡಲು. ಅದರ ಅಂಚಿನ ಮರ ಅವರ ಸ್ನಾನಕ್ಕೇ ಉರಿದರೆ ನಾಳೆ ನಾವು ಏನನ್ನು ತೋರಿಸುವುದು?

ನವೆಂಬರ್ 24

ಹಳೆಯ ಒಲೆ ಒಡೆದಾಯಿತು. ಅಜ್ಜನ ಕಾಲದ್ದು, ಮೂರು ಕಡೆ ಮಣ್ಣಿನ ಗೋಡೆ, ಮೇಲೆ ತಾಮ್ರದ ಹಂಡೆ. ಉರಿಯ ಅರ್ಧ ಭಾಗ ಬಾಯಿಯಿಂದ ಹೊರಗೇ ಬರುತ್ತಿತ್ತು.

ಹೊಸದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ (ASTRA) ಕೇಂದ್ರದವರು ರೂಪಿಸಿದ್ದು. ತಳದಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿಯ ಗೂಡು. ಗಾಳಿ ಅಡಿಯಿಂದ ಬರುವುದರಿಂದ ಸೌದೆ ಪೂರ್ತಿ ಉರಿಯುತ್ತದೆ. ಹಂಡೆ ಒಲೆಯೊಳಗೇ ಇಳಿದು ಕುಳಿತಿರುತ್ತದೆ. ಬಿಸಿ ಹೊಗೆ ಅದನ್ನು ಸುತ್ತಿಕೊಂಡೇ ಕೊಳವೆ ಸೇರಬೇಕು. ಆ ಸಂದು ಎರಡು ಬೆರಳಿಗಿಂತ ಹೆಚ್ಚಾಗದಂತೆ ಮೇಸ್ತ್ರಿ ಮೂರು ಸಲ ಮಣ್ಣು ಕೆರೆದು ಮೆತ್ತಿದರು. ಅವರ ತಾಳ್ಮೆಗೆ ಕೈಮುಗಿಯಬೇಕು.

ಮೊದಲ ದಿನ ಹೊಗೆಯೆಲ್ಲ ಒಳಕ್ಕೇ ತಿರುಗಿತು. ಕೊಳವೆಯ ತುದಿ ಮಾಡಿನ ಹೆಂಚಿಗಿಂತ ಕೆಳಗಿತ್ತು. ಮೂರು ಅಡಿ ಏರಿಸಿದೆವು, ಸರಿಹೋಯಿತು.

ಡಿಸೆಂಬರ್ 15

ಹನ್ನೆರಡು ಜನ. ಮತ್ತೆ ತೂಗಿದೆ: 23 ಕಿಲೊ. ಅದರಲ್ಲಿ ಹೆಚ್ಚಿನ ಪಾಲು ತೆಂಗಿನ ಸಿಪ್ಪೆ, ಒಣಗಿದ ಅಡಿಕೆ ಹಾಳೆ, ಕಾಫಿ ಗಿಡ ಸವರಿದ ಕಡ್ಡಿ, ಎಲ್ಲವೂ ತೋಟದವು. ಕಾಡಿನ ಸೌದೆ ಆರೇ ಕಿಲೊ. ಅಮ್ಮ ಬಚ್ಚಲಿನಿಂದ ಕಣ್ಣೊರೆಸಿಕೊಳ್ಳದೆ ಹೊರಬಂದದ್ದನ್ನು ನಾನು ಇದೇ ಮೊದಲು ನೋಡಿದ್ದು. ಉಳಿದ ಲೆಕ್ಕವೆಲ್ಲ ಒಂದು ತೂಕ, ಇದೊಂದೇ ಒಂದು ತೂಕ.

ಒಬ್ಬರಿಗೆ ಒಂದು ಬಕೆಟ್ ಬಿಸಿನೀರು ಎಂದು ಬಂದವರಿಗೆ ಮೊದಲೇ ಹೇಳುತ್ತಿದ್ದೇವೆ. ಯಾಕೆಂದು ಕೇಳಿದವರಿಗೆ ತಕ್ಕಡಿ ತೋರಿಸುತ್ತೇನೆ. ಈ ತನಕ ಒಬ್ಬರೂ ಮುಖ ಸಿಂಡರಿಸಿಲ್ಲ. ಇಬ್ಬರು ಹುಡುಗಿಯರು ತಾವೇ ಸೌದೆ ತೂಗಿದರು.

ಇನ್ನೊಂದು ತೀರ್ಮಾನ: ನಮ್ಮಲ್ಲಿ ಒಂದು ರಾತ್ರಿಗೆ ಎಂಟೇ ಜನ ಉಳಿಯುವುದು. ಹೆಚ್ಚಿಗೆ ಬಂದವರು ಪಕ್ಕದ ಎರಡು ಮನೆಗಳಿಗೆ. 2024ರಲ್ಲಿ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಮಾಡಿದ ಮೇಲೆ ಎಷ್ಟು ಜನ ಬರುತ್ತಾರೆಂಬುದು ಮೊದಲೇ ಗೊತ್ತಾಗುತ್ತದೆ, ಹಂಚಿಕೊಳ್ಳುವುದು ಕಷ್ಟವಿಲ್ಲ. ಅದರಲ್ಲೊಂದು ಮನೆಯ ಅಕ್ಕ ಮಾಡುವ ಕೊಟ್ಟೆ ಕಡುಬು, ಒಂದೆಲಗದ ತಂಬುಳಿ ನಮ್ಮ ಮನೆಯ ಅಡುಗೆಗಿಂತ ರುಚಿ. ದುಡ್ಡೂ ಅವರ ಕೈಗೇ ಸೇರುತ್ತದೆ.

ಬೇಸಿಗೆಗೆ, ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಂತಾಗ, ಆ ಎರಡು ಮನೆಗಳ ಒಲೆ ಒಡೆಯುವುದೆಂದು ಮಾತಾಗಿದೆ. ಜಾಲರಿಗೆ ಕಳಸದಲ್ಲಿ ಹೇಳಿ ಬಂದಿದ್ದೇನೆ. ಇಟ್ಟಿಗೆ ಅಂಗಳಕ್ಕೆ ಬಂದಿಳಿದಿದೆ.