ಹೊಳೆಗೆ ಯಾರು ಬಿದ್ರೇ?

ಹೋದ ಶುಕ್ರವಾರ ಸಂಜೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಹಳೇ ಸೇತುವೆ ಮೇಲೆ ನಿಂತು ತೆಗೆದ ಫೋಟೋ ಒಂದನ್ನು ಅಮ್ಮನಿಗೆ ವಾಟ್ಸಾಪ್ ಮಾಡಿ ಮಲಗಿದೆ. ಕಲ್ಲಿನ ಕಮಾನು, ಕೆಳಗೆ ರೈನ್ ನದಿ, ನೀರಿನ ತುಂಬ ಮಡಕೆ ಬೋರಲು ಹಾಕಿದ ಹಾಗೆ ತಲೆಗಳು, ದಡದ ಮೆಟ್ಟಿಲ ಮೇಲೆ ಸಾಲಾಗಿ ಕೂತ ಜನ. ಬೆಳಕೂ ಚೆನ್ನಾಗಿ ಬಿದ್ದಿತ್ತು.

ಬೆಳಿಗ್ಗೆ ಐದಕ್ಕೇ ಫೋನು. "ಎಂತದೇ ಅದು? ಹೊಳೆಗೆ ಯಾರು ಬಿದ್ರೇ? ಅಷ್ಟು ಜನ ಹುಡುಕ್ತಾ ಇದಾರಲ್ಲ, ಸಿಕ್ತಾ?"

ನಕ್ಕುಬಿಟ್ಟೆ. ಆಮೇಲೆ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಸೇತುವೆ ಮೇಲೆ ಜನ, ನೀರಲ್ಲೂ ಜನ ಅಂದರೆ ನಮ್ಮ ಕಳಸದ ಕಡೆ ಬೇರೆ ಅರ್ಥವೇ ಇಲ್ಲ.

ಹೊರನಾಡ ಅನುಭವ ಅಂದಕೂಡಲೇ ನನಗೆ ಈಗಲೂ ಮೊದಲು ನೆನಪಾಗುವುದು ಅನ್ನಪೂರ್ಣೇಶ್ವರಿಯ ಹೊರನಾಡು. ಕಳಸದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿದ್ದ ತಗ್ಗಿನ ಹೆಬ್ಬಾಳೆ ಸೇತುವೆ ನೋಡಿದವರಿಗೆ ಗೊತ್ತು, ಆಷಾಢದ ಮಳೆ ಹಿಡಿದರೆ ಭದ್ರೆ ಅದರ ಮೇಲೇ ಹರಿಯುತ್ತಿದ್ದಳು. ನಾವು ಕೊಡೆ ಹಿಡಿದು ದೂರದಲ್ಲಿ ನಿಂತು ನೋಡುತ್ತಿದ್ದೆವು. ನೀರು ಇಟ್ಟಿಗೆ ಪುಡಿ ಕದಡಿದಷ್ಟು ಕೆಂಪು. ಮಳೆಗಾಲದ ಹೊಳೆಯ ಬಣ್ಣವೇ ಅದು ಅಂದುಕೊಂಡಿದ್ದೆ. ಮೇಲೆ ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದ ಕಾಲ. ಗಣಿ ನಿಂತದ್ದು 2005ರ ಕೊನೆಗೆ.

ರೈನ್ ಕೂಡ ಒಮ್ಮೆ ಕೆಂಪಾಗಿತ್ತು. 1986ರ ನವೆಂಬರ್ 1ರಂದು ಇಲ್ಲೇ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರು ವಿಷ ಹೊತ್ತುಕೊಂಡು ನದಿಗಿಳಿದು ಹಾವುಮೀನುಗಳು ರಾಶಿರಾಶಿ ಸತ್ತವು. ನನಗೆ ಇದನ್ನು ಹೇಳಿದ್ದು ಪಕ್ಕದ ಮನೆಯ ಅಜ್ಜಿ. ಹೇಳಿ ಮುಗಿಸಿದವರೇ ಮೀನಿನ ಆಕಾರದ ಚೀಲ ಹೆಗಲಿಗೇರಿಸಿ ಈಜಕ್ಕೆ ಹೊರಟರು.

ಆ ಚೀಲಕ್ಕೆ ಇಲ್ಲಿ ವಿಕೆಲ್‌ಫಿಶ್ ಅಂತಾರೆ. ಬಟ್ಟೆ, ಚಪ್ಪಲಿ, ಮೊಬೈಲು ತುರುಕಿ, ಬಾಯನ್ನು ಏಳು ಸುತ್ತು ಸುರುಳಿ ಸುತ್ತಿ ಕ್ಲಿಪ್ ಹಾಕಿದರೆ ಒಳಗಿನ ಗಾಳಿಗೆ ಅದು ಉಬ್ಬಿ ನಿಲ್ಲುತ್ತದೆ. ಅದನ್ನು ತಬ್ಬಿಕೊಂಡು ಹೊಳೆ ಕೊಂಡೊಯ್ದಷ್ಟು ದೂರ ಹೋಗುವುದು, ಮೆಟ್ಟಿಲು ಸಿಕ್ಕಲ್ಲಿ ಹತ್ತಿ ಅಂಗಿ ಹಾಕಿಕೊಂಡು ಮನೆಗೆ ಹೋಗುವುದು. ಆಫೀಸು ಬಿಟ್ಟು ಹೀಗೇ ಹೋಗುವವರಿದ್ದಾರೆ.

ಈಗಿನ ಕಲ್ಲಿನ ಸೇತುವೆ 1905ರದ್ದು, ಅದೇ ಜಾಗದಲ್ಲಿ ಮೊದಲ ಸೇತುವೆ ಎದ್ದದ್ದು 13ನೇ ಶತಮಾನದಲ್ಲಿ. ನಡುವೆ ಒಂದು ಪುಟ್ಟ ಗುಡಿಯಿದೆ. ಹಿಂದೆ ಶಿಕ್ಷೆಯಾದವರನ್ನು ಕಟ್ಟಿ ಅಲ್ಲಿಂದಲೇ ನದಿಗೆ ನೂಕುತ್ತಿದ್ದರು. ಈಗ ಅದರ ಕಂಬಿಗೆ ಪ್ರೇಮಿಗಳು ಬೀಗ ಜಡಿದು ಹೋಗುತ್ತಾರೆ.

ಫೋಟೋ ತೆಗೆಯುವಾಗ ಪಕ್ಕದಲ್ಲಿದ್ದ ಮಗಳು ಕೇಳಿದ್ದಳು, "ಅಮ್ಮಾ, ಹೊಳೆ ಪಕ್ಕಾನೇ ಹುಟ್ಟಿದ್ದು ಅಂತೀಯ. ಮತ್ತೆ ಈಜು ಯಾಕೆ ಬರಲ್ಲ?" ಒಂಬತ್ತು ವರ್ಷ ಅವಳಿಗೆ; ಶಾಲೆಯಲ್ಲೇ ಕಲಿಸಿದ್ದಾರೆ. ಉತ್ತರ ಹೊಳೆಯಲಿಲ್ಲ. ಅಣ್ಣ ಸೊಂಟಕ್ಕೆ ಬಾಳೆದಿಂಡು ಕಟ್ಟಿಕೊಂಡು ಗುಂಡಿಗೆ ಹಾರುತ್ತಿದ್ದರೆ ನನ್ನ ಕೈಯಲ್ಲಿ ಬಟ್ಟೆ ಬುಟ್ಟಿ ಇರುತ್ತಿತ್ತು. ನೀರು ಮೊಣಕಾಲು ದಾಟಿತೋ, ದಡದಿಂದ ಅಮ್ಮನ ಕೂಗು. ಹೊಳೆಗೆ ಅರಿಶಿನ ಕುಂಕುಮ ಹಾಕು, ಕೈ ಮುಗಿ, ಬಟ್ಟೆ ಒಗಿ, ವಾಪಸ್ ಬಾ. ಇಳಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಲಿತೆ.

ಫೋನಿನಲ್ಲಿ ಅಮ್ಮನಿಗೆ ಬಿಡಿಸಿ ಹೇಳಿದೆ. ಯಾರೂ ಬಿದ್ದಿಲ್ಲ, ಸೆಕೆಗೆ ಈಜ್ತಾ ಇದಾರೆ ಅಷ್ಟೇ.

"ಹೆಂಗಸರೂ?"

"ಹ್ಞೂಂ. ಅರ್ಧಕ್ಕರ್ಧ ಅವರೇ."

ಆ ಕಡೆ ಸ್ವಲ್ಪ ಹೊತ್ತು ಕುಕ್ಕರ್ ಸದ್ದು ಮಾತ್ರ ಕೇಳಿಸಿತು.

"ನಂಗೂ ಬರ್ತಿತ್ತು ಮಾರಾಯ್ತಿ. ತೌರಲ್ಲಿ ಕೆರೆ ಇತ್ತಲ್ಲ, ಈ ಕಡೆಯಿಂದ ಆ ಕಡೆಗೆ ಹೋಗ್ತಿದ್ದೆ. ಮದುವೆ ಆದ್ಮೇಲೆ ಎಂತ ಈಜು… ತಡಿ, ಮೂರನೇ ವಿಷಲ್ ಆಯ್ತು."